ಬಡಾವಣೆಯ ತೋಟಕ್ಕೆ ಕೈ ಹಚ್ಚುವವರಿಗೆ ಏಳು ಸೂತ್ರ

ಬೆಂಗಳೂರಿನ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳ ಹಿಂಬದಿಯಲ್ಲಿ ನೆರೆಹೊರೆಯವರು ಸೇರಿ ಸೊಪ್ಪು, ತರಕಾರಿ ಬೆಳೆಯುವ ತೋಟಗಳು ಅಲ್ಲಲ್ಲಿ ಕಾಣಸಿಗುತ್ತವೆ. ಜೂನ್ ಮಳೆಗೆ ಚಿಗುರಿದ ಉತ್ಸಾಹ ಏಪ್ರಿಲ್ ಬಿಸಿಲಿಗೆ ಬಾಡುವುದೂ ಉಂಟು. ಬಿತ್ತುವ ದಿನ ಬಂದಷ್ಟೇ ಜನ ನೀರುಣಿಸುವ ದಿನವೂ ಬಂದರೆ ತೋಟ ಉಳಿಯುತ್ತದೆ. ಅಂಥವರಲ್ಲಿ ನೀವೂ ಒಬ್ಬರಾಗಬೇಕೆ?

1. ಮೊದಲು ಕಳೆ ಕೀಳಿ. ಹೋದ ದಿನವೇ ನನಗೊಂದು ಪಾತಿ ಕೊಡಿ ಎನ್ನಬೇಡಿ. ಕಳೆ ಕೀಳಲು, ತರಗೆಲೆ ಗುಡಿಸಲು ಯಾವ ತೋಟದಲ್ಲೂ ಕೈ ಸಾಲದು. ಕುಕ್ಕರುಗಾಲಲ್ಲಿ ಒಂದು ಗಂಟೆ ಕೂತರೆ ಎಲ್ಲಿ ಬಿಸಿಲು ಬೀಳುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಯಾರಿಗೆ ಏನು ಗೊತ್ತು ಎಂಬುದೆಲ್ಲ ತಿಳಿಯುತ್ತದೆ.

2. ವಾರ, ಹೊತ್ತು ಗೊತ್ತುಮಾಡಿಕೊಳ್ಳಿ. "ಬಿಡುವಾದಾಗ ಬರ್ತೀನಿ" ಅನ್ನುವವರಿಗೆ ಬಿಡುವು ಆಗುವುದೇ ಇಲ್ಲ. ಊರಿಗೆ ಹೊರಟರೆ ನಿಮ್ಮ ಪಾಳಿ ಇನ್ನೊಬ್ಬರಿಗೆ ಒಪ್ಪಿಸಿ, ಮರಳಿದ ಮೇಲೆ ಅವರದನ್ನು ನೀವು ಮಾಡಿ. ಹಳ್ಳಿಯ ಮುಯ್ಯಾಳು ಪದ್ಧತಿ ನಗರಕ್ಕೂ ಒಗ್ಗುತ್ತದೆ.

3. ನೀರಿನ ದಾರಿ ಹುಡುಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಕಾವೇರಿ ನಲ್ಲಿಯನ್ನೇ ನೆಚ್ಚಿದ ತೋಟ ಬೇಸಿಗೆ ದಾಟುವುದು ಕಷ್ಟ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಸುಮಾರು 1,000 ಲೀಟರ್ ನೀರು! ಅದನ್ನು ಹಿಡಿಯಲು ಪೈಪು, ಡ್ರಮ್ಮು ಹೊಂದಿಸುವವರು ತೋಟಕ್ಕೆ ಬೇಕೇ ಬೇಕು. ಆ ಕೆಲಸ ನೀವೇ ವಹಿಸಿಕೊಳ್ಳಿ. ಅಕ್ಕಿ, ತರಕಾರಿ ತೊಳೆದ ನೀರನ್ನೂ ಮನೆಮನೆಯಿಂದ ತನ್ನಿ. ಪಾತಿಯ ಮೇಲೆ ಎರಡು ಮೂರು ಅಂಗುಲ ತರಗೆಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ.

4. ಬೇಗ ಕೈಗೆ ಬರುವುದನ್ನು ಬಿತ್ತಿ. ಮೆಂತ್ಯ, ಹರಿವೆ, ದಂಟು ಒಂದು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತವೆ. ಬಸಳೆಯ ತುಂಡು ಊರಿದರೂ ಸಾಕು, ಹಬ್ಬುತ್ತದೆ. ಮೊದಲ ಕಟ್ಟು ಸೊಪ್ಪು ಮನೆ ಸೇರಿದ ದಿನ ಮಕ್ಕಳಿಗೂ ತೋಟದ ಮೇಲೆ ಪ್ರೀತಿ ಹುಟ್ಟುತ್ತದೆ. ಆಮೇಲೆ ಬೆಂಡೆ, ಟೊಮ್ಯಾಟೊ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಕೇಳಿ ತನ್ನಿ. ಅರ್ಕಾ ಅನಾಮಿಕ ಬೆಂಡೆಯ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಎಲೆಮುರುಟು, ಸೊರಗು, ಅಂಗಮಾರಿ ಮೂರನ್ನೂ ತಾಳಿಕೊಳ್ಳುವ ಅರ್ಕಾ ರಕ್ಷಕ್ ಟೊಮ್ಯಾಟೊ ಹೈಬ್ರಿಡ್, ಅದರ ಬೀಜ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು.

5. ಗೊಬ್ಬರದ ಗುಂಡಿ ನಾರದಂತೆ ನೋಡಿಕೊಳ್ಳಿ. ಒಂದು ಬಕೆಟ್ ತರಕಾರಿ ಸಿಪ್ಪೆಗೆ ಎರಡು ಮೂರು ಬಕೆಟ್ ತರಗೆಲೆ, ವಾರಕ್ಕೊಮ್ಮೆ ಮಗುಚುವುದು, ಇಷ್ಟೇ. ನಾರಿದರೆ ತರಗೆಲೆ ಸಾಲದು, ಗಾಳಿಯಾಡುತ್ತಿಲ್ಲ ಎಂದರ್ಥ. ಪಕ್ಕದ ಮನೆಯವರ ತಕರಾರು ಶುರುವಾಗುವುದೇ ಈ ವಾಸನೆಯಿಂದ.

6. ಒಪ್ಪಿಗೆ ಕಾಗದದಲ್ಲಿರಲಿ. ಜಾಗ ಅಪಾರ್ಟ್‌ಮೆಂಟಿನದಾದರೆ ಸಂಘದ ನಿರ್ಣಯ ಬೇಕು. ಪಾಲಿಕೆಯ ಉದ್ಯಾನವಾದರೆ ಅಲ್ಲಿ 1985ರ ಉದ್ಯಾನ ಸಂರಕ್ಷಣಾ ಕಾಯ್ದೆಯಿದೆ, ತೋಟಗಾರಿಕೆ ಅಧಿಕಾರಿಯನ್ನು ಕೇಳದೆ ಗುದ್ದಲಿ ಹಾಕಬೇಡಿ. ಬೆಳೆಯ ಪಾಲು ಹೇಗೆ ಎಂಬುದನ್ನೂ ಬಿತ್ತುವ ಮೊದಲೇ ಬರೆದಿಡಿ.

7. ಬಲ್ಲವರನ್ನು ಜೊತೆಗೆ ಕರೆಯಿರಿ. ನಿಮ್ಮ ಗೇಟಿನಲ್ಲಿ ಕಾವಲಿರುವವರು, ಮನೆಗೆಲಸಕ್ಕೆ ಬರುವವರು, ಬೀದಿ ಗುಡಿಸುವವರು, ಇವರಲ್ಲಿ ಎಷ್ಟೋ ಮಂದಿ ಬೇಸಾಯದ ಮನೆಗಳಿಂದ ಬಂದವರು. ಯಾವ ಮಳೆಗೆ ಅವರೆ ಬಿತ್ತಬೇಕು, ಹುಳ ಎಲ್ಲಿ ಅಡಗಿರುತ್ತದೆ ಎಂದು ಅವರು ಹೇಳಬಲ್ಲರು. ಬಿಟ್ಟಿ ಕೆಲಸಕ್ಕೆ ಕರೆಯಬೇಡಿ. ಸಲಹೆ ಕೇಳಿ, ಬೆಳೆಯಲ್ಲಿ ಸಮಪಾಲು ಕೊಡಿ. ಅವರಿಗೆ ಜಾಗವಿಲ್ಲದ ತೋಟವನ್ನು ಸಮುದಾಯದ ತೋಟವೆಂದು ಕರೆಯಲು ನನಗಂತೂ ಮನಸ್ಸಿಲ್ಲ.

ನಿಮ್ಮ ಬಡಾವಣೆಯಲ್ಲಿ ತೋಟವೇ ಇಲ್ಲವೆ? ನಾಲ್ಕೈದು ಮನೆಯವರು ಒಪ್ಪಿದರೆ ಸಾಕು. ಈ ಭಾನುವಾರವೇ ಮಾತಾಡಿ, ಒಂದು ಪಾತಿ ಹರಿವೆಯಿಂದ ಶುರುಮಾಡಿ.