ಪ್ರಸಾದಿಯ ಹಸಿವು

ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂಬುದು ವಾಚಕರೆಲ್ಲರಿಗೂ ಸುವಿದಿತವಾದ ಸಂಗತಿ. ಗುರು, ಲಿಂಗ, ಜಂಗಮರು ಪೂಜ್ಯರು; ವಿಭೂತಿ, ರುದ್ರಾಕ್ಷಿ, ಮಂತ್ರಗಳು ಪೂಜಾಸಾಧನಗಳು; ಪಾದೋದಕ ಪ್ರಸಾದಗಳು ಪೂಜೆಯ ಫಲಗಳು ಎಂದು ಹಿರಿಯರು ವಿಂಗಡಿಸಿ ತೋರಿಸಿದ್ದಾರೆ. ಹೀಗೆ ಫಲರೂಪವಾಗಿ ಬಂದ ಪ್ರಸಾದವೇ ಭಕ್ತನೊಬ್ಬನಿಗೆ ಭಯಕ್ಕೆ ಕಾರಣವಾದರೆ ಅವನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಾವು ಕಲ್ಪಿಸಿಕೊಂಡುದಲ್ಲ. ದಾಸೋಹದ ಪಂಕ್ತಿಯಿಂದ ಎದ್ದು ಬಂದ ಸದ್ಭಕ್ತರೊಬ್ಬರು ಕೈತೊಳೆದು ಬಳಿಗೆ ಬಂದು ಹೀಗೆ ನಿವೇದಿಸಿಕೊಂಡರು:

“ಶಾಸ್ತ್ರಿಗಳೇ, ನನ್ನ ಹಸಿವು ದೊಡ್ಡದು. ಮನೆಯಲ್ಲಿ ನಾಲ್ವರಿಗೆಂದು ಮಾಡಿದ ಅಡಿಗೆಯಲ್ಲಿ ಇಬ್ಬರ ಪಾಲು ನನಗೇ ಬೇಕು. ಈಗ ಮೊಣಕಾಲು ನೋಯುತ್ತಿದೆ, ರಕ್ತದಲ್ಲಿ ಸಕ್ಕರೆ ಏರಿದೆ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ್ದಾರೆ. ಊಟ ಬಿಟ್ಟು ನೋಡಿದೆ. ಮೂರನೆಯ ರಾತ್ರಿ ಎದ್ದುಹೋಗಿ ಅಡಿಗೆಮನೆಯ ಕತ್ತಲೆಯಲ್ಲಿ ನಿಂತೇ ಉಂಡೆ. ಎಡೆಯಲ್ಲಿ ಉಳಿಸಿದರೆ ಪ್ರಸಾದದ್ರೋಹ, ಎಲ್ಲವನ್ನೂ ಉಂಡರೆ ದೇಹದ್ರೋಹ. ಲಿಂಗಪೂಜೆಗೆ ಕುಳಿತಾಗಲೂ ಕಿವಿ ಒಲೆಯ ಕಡೆಗೇ ಇರುತ್ತದೆ. ಇಂಥವನು ಭಕ್ತನೆನಿಸಿಕೊಳ್ಳಲು ಯೋಗ್ಯನೆ?”

ಈ ಮಾತನ್ನು ಕೇಳಿ ನಗುವವರು ನಗಬಹುದು. ಆದರೆ ಕತ್ತಲೆಯಲ್ಲಿ ನಿಂತು ಉಂಡವನ ನಾಚಿಕೆ ಸಣ್ಣದಲ್ಲ. ಆ ನಾಚಿಕೆಯೇ ಅವನನ್ನು ಗುರುವಿನಿಂದಲೂ ವೈದ್ಯನಿಂದಲೂ ದೂರಮಾಡುತ್ತದೆ. ಆದುದರಿಂದ ಈ ವಿಷಯವನ್ನು ಶರಣರ ಬೋಧೆಯ ಬೆಳಕಿನಲ್ಲಿಯೂ ಇಂದಿನ ವೈದ್ಯಶಾಸ್ತ್ರದ ತಿಳಿವಳಿಕೆಯಲ್ಲಿಯೂ ಪರಿಶೀಲಿಸುವುದು ಉಚಿತವಾಗಿದೆ.

ಹಸಿವು ಪಾಪವಲ್ಲ

ಮೊಟ್ಟಮೊದಲು ಮನಗಾಣತಕ್ಕ ಅಂಶವೇನೆಂದರೆ, ಶರಣರು ಹಸಿವನ್ನು ಎಲ್ಲಿಯೂ ಪಾಪವೆಂದು ಗಣಿಸಲಿಲ್ಲ. ಜೇಡರ ದಾಸಿಮಯ್ಯನು ತನ್ನ ವಚನವೊಂದರಲ್ಲಿ ರಾಮನಾಥನನ್ನೇ ಎದುರಿಗೆ ನಿಲ್ಲಿಸಿ ವಾದಿಸುತ್ತಾನೆ. ದೇಹ ಹೊತ್ತು ಬಂದವನಿಗೆ ಹಸಿವೂ ಅದರಿಂದ ಹುಟ್ಟುವ ತಪ್ಪುಗಳೂ ಬಿಟ್ಟಿದ್ದಲ್ಲವೆಂದೂ, ಜರೆಯುವ ಮುನ್ನ ದೇವನೂ ಒಮ್ಮೆ ದೇಹ ಧರಿಸಿ ನೋಡಲೆಂದೂ ಅವನ ಮಾತಿನ ತಾತ್ಪರ್ಯ. ಎಂಥ ಕಾರುಣ್ಯಪೂರ್ಣವಾದ ದಿಟ್ಟತನವಿದು! ಅಕ್ಕಮಹಾದೇವಿಯು ಒಂದೆಡೆ ಹಸಿವಿಗೆ ಊರ ಭಿಕ್ಷೆಯಿದೆಯೆಂದು ಸರಳವಾಗಿ ಒಪ್ಪಿಕೊಳ್ಳುತ್ತಾಳೆ. ಮತ್ತೊಂದೆಡೆ ಹಸಿವನ್ನೇ ಸಂಬೋಧಿಸಿ, ತನ್ನ ದಾರಿಗೆ ಅಡ್ಡ ಬಾರದಿರೆಂದು ಕೇಳಿಕೊಳ್ಳುತ್ತಾಳೆ. ಅವಳು ಹಸಿವನ್ನು ಅಲ್ಲಗಳೆಯಲಿಲ್ಲ, ಅದರ ಆಳಾಗಿಯೂ ನಿಲ್ಲಲಿಲ್ಲ. ಇದೇ ಶರಣರ ಮಾರ್ಗ.

ಎಲ್ಲರ ಹಸಿವೂ ಸಮನಲ್ಲವೆಂಬುದನ್ನು ಇಂದಿನ ವಿಜ್ಞಾನವೂ ಹೇಳುತ್ತದೆ. ದೇಹದ ಕೊಬ್ಬಿನಿಂದ ಹೊರಟು ಸಂಗ್ರಹ ಎಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸವನ್ನು 1994ರಲ್ಲಿ ಗುರುತಿಸಲಾಯಿತು. ಮುಖ್ಯವಾಗಿ ಜಠರದಲ್ಲಿ ಹುಟ್ಟಿ ಹಸಿವನ್ನೆಬ್ಬಿಸುವ ಗ್ರೆಲಿನ್ ಎಂಬುದು 1999ರಲ್ಲಿ ತಿಳಿದುಬಂದಿತು. ಮನುಷ್ಯನು ತೂಕ ಇಳಿಸಿಕೊಂಡಾಗ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. ಎಂದರೆ ದೇಹವು ಕ್ಷಾಮ ಬಂದಿತೆಂದು ಭಾವಿಸಿ ಮತ್ತಷ್ಟು ಕೂಗುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೂಕ ಇಳಿಸಿದವರಲ್ಲಿ ಈ ಬದಲಾವಣೆ ಒಂದು ವರ್ಷ ಕಳೆದ ಮೇಲೂ ಉಳಿದಿದ್ದುದು ಕಂಡುಬಂದಿತು. ಆದುದರಿಂದ ಸ್ಥೂಲದೇಹಿಯನ್ನು ಹೊಟ್ಟೆಬಾಕನೆಂದು ಹೀಯಾಳಿಸುವುದು ಅಜ್ಞಾನವಷ್ಟೇ ಅಲ್ಲ, ಅಧರ್ಮವೂ ಹೌದು. ಅವನು ನಮಗಿಂತ ಬಲವಾದ ಪ್ರವಾಹದಲ್ಲಿ ಈಜುತ್ತಿರಬಹುದು.

ರುಚಿ ಬೇರೆ, ತೃಪ್ತಿ ಬೇರೆ

ಹಸಿವು ದೋಷವಲ್ಲವೆಂದ ಮಾತ್ರಕ್ಕೆ ಅದು ಕೇಳಿದಷ್ಟನ್ನೂ ಕೊಡಬೇಕೆಂದಾಗುವುದಿಲ್ಲ. ಇಲ್ಲಿ ಷಟ್‌ಸ್ಥಲಶಾಸ್ತ್ರದ ಅರ್ಪಣವಿಚಾರವು ನಮಗೆ ಅತ್ಯಂತ ಉಪಕಾರಕವಾಗಿದೆ. ಆರು ಲಿಂಗಗಳಿಗೆ ಆರು ಪದಾರ್ಥಗಳ ಅರ್ಪಣವನ್ನು ಅಲ್ಲಿ ಹೇಳಿದೆ. ಘ್ರಾಣಮುಖದಿಂದ ಗಂಧವು ಆಚಾರಲಿಂಗಕ್ಕೆ, ಜಿಹ್ವೆಯಿಂದ ರುಚಿಯು ಗುರುಲಿಂಗಕ್ಕೆ, ನೇತ್ರದಿಂದ ರೂಪವು ಶಿವಲಿಂಗಕ್ಕೆ, ತ್ವಕ್ಕಿನಿಂದ ಸ್ಪರ್ಶವು ಜಂಗಮಲಿಂಗಕ್ಕೆ, ಶ್ರೋತ್ರದಿಂದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದಿಂದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲುತ್ತವೆ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೇನು? ರುಚಿಯನ್ನೂ ತೃಪ್ತಿಯನ್ನೂ ಶಾಸ್ತ್ರಕಾರರು ಒಂದೆಂದು ಎಣಿಸಲಿಲ್ಲ. ರುಚಿಯ ಸ್ಥಾನ ನಾಲಗೆ, ತೃಪ್ತಿಯ ಸ್ಥಾನ ಹೃದಯ. ನಾಲಗೆಯಿಂದ ತೃಪ್ತಿಯನ್ನು ಪಡೆಯಲು ಹೊರಟವನು ತಪ್ಪು ಬಾಗಿಲನ್ನು ತಟ್ಟಿದಂತೆಯೇ ಸರಿ. ನಾಲಗೆಗೆ ಇನ್ನೊಂದು ತುತ್ತು ಬೇಕೆನಿಸುವಾಗ ಹೃದಯಕ್ಕೆ ಸಾಕೆನಿಸಿರಬಹುದು. ಆ ‘ಸಾಕು’ ಎಂಬ ಮೆಲುದನಿ ಕೇಳಿಸಬೇಕಾದರೆ ಉಣ್ಣುವವನು ಅವಸರಪಡಬಾರದು. ಹೊಟ್ಟೆಯಿಂದಲೂ ಕರುಳಿನಿಂದಲೂ ಹೊರಟ ತೃಪ್ತಿಯ ಸೂಚನೆಯು ಮಿದುಳಿನಲ್ಲಿ ಪೂರ್ಣವಾಗಿ ವ್ಯಕ್ತವಾಗಲು ಸುಮಾರು 20 ನಿಮಿಷಗಳು ಬೇಕೆಂದು ವೈದ್ಯರು ಹೇಳುತ್ತಾರೆ. ಏಳೆಂಟು ನಿಮಿಷಗಳಲ್ಲಿ ಊಟ ಮುಗಿಸುವವನು ಆ ಸೂಚನೆ ಬರುವುದಕ್ಕೆ ಮುಂಚೆಯೇ ಎರಡನೆಯ ಸಲ ಬಡಿಸಿಕೊಂಡಿರುತ್ತಾನೆ.

ಆರು ಸ್ಥಲಗಳ ಭಕ್ತಿಗಳಲ್ಲಿ ಪ್ರಸಾದಿಸ್ಥಲಕ್ಕೆ ಹೇಳಿದ ಭಕ್ತಿಯಾದರೂ ಯಾವುದು? ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ. ಪ್ರಸಾದವನ್ನು ಸ್ವೀಕರಿಸುವವನ ಮುಖ್ಯಲಕ್ಷಣ ಎಚ್ಚರವೇ ಎಂದು ಇದರಿಂದ ಸ್ಪಷ್ಟವಾಗುತ್ತದೆ. ಎಷ್ಟು ಉಂಡನು, ಎಷ್ಟು ಬಿಟ್ಟನು ಎಂಬುದು ಆಮೇಲಿನ ಮಾತು. ಎಚ್ಚರದಿಂದ ಉಂಡನೇ ಎಂಬುದು ಮೊದಲ ಮಾತು. ನಮ್ಮ ಸದ್ಭಕ್ತರು ಕತ್ತಲೆಯಲ್ಲಿ ಉಂಡುದರಲ್ಲಿ ದೋಷವಿದ್ದರೆ ಅದು ಉಂಡುದರಲ್ಲಿ ಇಲ್ಲ. ಅರ್ಪಿಸದೆ, ಅವಧಾನವಿಲ್ಲದೆ, ತನ್ನಿಂದ ತಾನೇ ಅಡಗಿ ಉಂಡುದರಲ್ಲಿ ಇದೆ.

ಎಡೆಯಲ್ಲಿ ಉಳಿಸಬಾರದೆಂಬ ನಿಯಮ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಪ್ರಸಾದವನ್ನು ಚೆಲ್ಲಬಾರದು, ಎಡೆಯಲ್ಲಿ ಉಳಿಸಬಾರದು ಎಂಬುದು ನಮ್ಮ ಆಚಾರ. ಕಲ್ಯಾಣದಲ್ಲಿ ಮರುಳಶಂಕರದೇವನು ಚೆಲ್ಲಿಹೋದ ಪ್ರಸಾದವನ್ನೇ ಸೇವಿಸಿ ಯಾರಿಗೂ ತಿಳಿಯದಂತೆ ಬಾಳಿದ ಕಥೆಯನ್ನು ಶೂನ್ಯಸಂಪಾದನೆಯಲ್ಲಿ ಕಾಣುತ್ತೇವೆ. ಹೀಗಿರುವಾಗ ಮಿತಾಹಾರಿಯಾಗಬೇಕಾದವನು ಎಡೆಗೆ ಬಂದುದನ್ನು ಏನು ಮಾಡಬೇಕು?

ಸಮಾಧಾನವಿಷ್ಟೆ: ಉಳಿಸಬಾರದೆಂಬ ನಿಯಮವು ಎಡೆಯಲ್ಲಿ ಬಿದ್ದ ಮೇಲಿನದು. ಬೀಳುವ ಮುಂಚೆ ಕೈಯನ್ನು ಅಡ್ಡ ಹಿಡಿಯುವ ಸ್ವಾತಂತ್ರ್ಯವನ್ನು ಅದು ಕಸಿದುಕೊಂಡಿಲ್ಲ. ಅಷ್ಟೇ ಏಕೆ, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬುದೇ ಆ ನಿಯಮದ ಜೀವಾಳ. ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ಇಲ್ಲಿ ಸ್ಮರಿಸಬೇಕು. ಅವಳ ಪತಿ ಮಾರಯ್ಯನು ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಕ್ಕೆ ಸೇರಿಸಲಿಲ್ಲ. ಅದು ಆಸೆಯ ಫಲವೆಂದು ಹೇಳಿ, ತಂದಲ್ಲಿಯೇ ಸುರಿದುಬರುವಂತೆ ಮಾಡಿದಳು. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಕದ್ದದ್ದೂ ಆಗಿರಲಿಲ್ಲ; ಅಂದಿನ ಅಗತ್ಯಕ್ಕೆ ಮಿಕ್ಕಿದ್ದಿತು, ಅಷ್ಟೆ. ಮನೆಯ ಬಾಗಿಲಲ್ಲಿ ಲಕ್ಕಮ್ಮನು ಮಾಡಿದ ವಿಚಾರವನ್ನು ನಾವು ಎಡೆಯ ಅಂಚಿನಲ್ಲಿ ಮಾಡಬೇಕು.

ಉಪವಾಸದ ವಿಷಯ

ಹಾಗಾದರೆ ಊಟವನ್ನೇ ಬಿಟ್ಟು ಕಾಯವನ್ನು ದಂಡಿಸಿದರೆ ಶೀಘ್ರವಾಗಿ ಕಾರ್ಯಸಿದ್ಧಿಯಾಗದೆ ಎಂದು ಕೆಲವರು ಕೇಳುತ್ತಾರೆ. ಕಾಯವನ್ನು ದೇವಾಲಯವೆಂದು ಬಗೆದ ಶರಣರಿಗೆ ಕಾಯದಂಡನೆಯು ಸಮ್ಮತವಾಗಿರಲಿಲ್ಲ. ಕಾಯವು ಬಳಲಿದರೆ ಕಾಯಕ ನಡೆಯುವುದೆಂತು? ವೈದ್ಯದೃಷ್ಟಿಯಿಂದ ನೋಡಿದರೂ, ಅತಿವೇಗವಾಗಿ ತೂಕ ಇಳಿಸಿದವರಲ್ಲಿ ಮಾಂಸಖಂಡಗಳು ಕರಗುತ್ತವೆ, ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವವೂ ಹೆಚ್ಚುತ್ತದೆ. ವಾರಕ್ಕೆ ಅರ್ಧ ಕಿಲೋದಂತೆ ಇಳಿದರೆ ಅದು ಯೋಗ್ಯವಾದ ಗತಿ. ಸೋಮವಾರದ ಒಪ್ಪತ್ತನ್ನು ಹಿಡಿದವರು ಹಗಲೆಲ್ಲ ಹಸಿದಿದ್ದು ರಾತ್ರಿ ಎರಡು ಊಟಗಳನ್ನು ಒಂದೇ ಆಗಿ ಉಣ್ಣುವುದನ್ನೂ, ಉಪವಾಸವೆಂದು ಸಾಬೂದಾನಿಯನ್ನು ಎಣ್ಣೆ ಶೇಂಗಾಗಳೊಡನೆ ತಟ್ಟೆ ತುಂಬ ತಿನ್ನುವುದನ್ನೂ ಕಾಣುತ್ತೇವೆ. ಇದು ವ್ರತವೂ ಅಲ್ಲ, ಪಥ್ಯವೂ ಅಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರ ಅಪ್ಪಣೆಯಿಲ್ಲದೆ ಉಪವಾಸ ಮಾಡಲೇಕೂಡದು. ರಕ್ತದ ಸಕ್ಕರೆಯು ಒಮ್ಮೆಲೇ ಇಳಿದು ಪ್ರಾಣಾಪಾಯವಾದೀತು.

ಆಚರಣೆಯ ಕ್ರಮ

ಮೇಲಿನ ವಿಚಾರವನ್ನು ನಿತ್ಯಜೀವನದಲ್ಲಿ ತರುವ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೊದಲನೆಯದಾಗಿ, ಹಸಿವು ದೊಡ್ಡದಾದವನು ಎಡೆಯನ್ನು ಬರಿದುಮಾಡಬಾರದು, ಎಡೆಯಲ್ಲಿರುವ ಪದಾರ್ಥಗಳನ್ನು ಬದಲಿಸಬೇಕು. ಕೊಬ್ಬಿನ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿಗಳೂ, ಪಿಷ್ಟ ಹಾಗೂ ಸಸಾರಜನಕಗಳ ಒಂದು ಗ್ರಾಮಿನಲ್ಲಿ 4 ಕ್ಯಾಲೊರಿಗಳೂ ಇವೆ. ನಾಲ್ಕು ಸಣ್ಣ ಚಮಚ ತುಪ್ಪದಲ್ಲಿ ಸುಮಾರು 180 ಕ್ಯಾಲೊರಿಗಳಾಗುತ್ತವೆ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯೊಂದರಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೆ. ತುಪ್ಪವು ಹೋಳಿಗೆಯಲ್ಲಿ ಇಂಗಿ ಕಾಣದೆ ಹೋಗುತ್ತದೆ, ರೊಟ್ಟಿಯಾದರೋ ಅಗಿಯುವುದಕ್ಕೆ ಹೊತ್ತು ಬೇಡುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ನಾರು ಮತ್ತು ಸಸಾರಜನಕಗಳಿರುವ ಅನ್ನವು ಹಸಿವನ್ನು ಹೆಚ್ಚು ಕಾಲ ತಡೆಯುತ್ತದೆ. ಆದುದರಿಂದ ಸೊಪ್ಪಿನ ಪಲ್ಯ, ಹೆಸರುಕಾಳಿನ ಉಸುಳಿ, ಹಸಿಯ ಸೌತೆ ಮೂಲಂಗಿಗಳು, ನೀರುಮಜ್ಜಿಗೆ, ಇವು ಎಡೆಯ ಅರ್ಧಭಾಗವನ್ನು ಮೊದಲು ಆಕ್ರಮಿಸಲಿ. ರೊಟ್ಟಿ ಅನ್ನಗಳು ಉಳಿದ ಭಾಗಕ್ಕೆ ಬರಲಿ. ಸಿಹಿಯು ಕೊನೆಗೆ, ರುಚಿಗೆಷ್ಟೋ ಅಷ್ಟೆ.

ಎರಡನೆಯದಾಗಿ, ಮೊದಲ ಸಲ ಅರ್ಧದಷ್ಟನ್ನೇ ನೀಡಿಸಿಕೊಳ್ಳಬೇಕು. ಲಿಂಗಕ್ಕೆ ಅರ್ಪಿಸಿ, ಗಂಧವನ್ನೂ ರೂಪವನ್ನೂ ಗಮನಿಸಿ, ಪ್ರತಿಯೊಂದು ತುತ್ತನ್ನೂ ಪೂರ್ಣವಾಗಿ ಅಗಿದು ಉಣ್ಣಬೇಕು. ಮುಗಿದ ಮೇಲೆ ಸ್ವಲ್ಪ ಹೊತ್ತು ಕೈತಡೆದು ಕುಳಿತು ಹೃದಯವನ್ನು ಕೇಳಬೇಕು. ಆಗಲೂ ಬೇಕೆನಿಸಿದರೆ ನಾಚದೆ ಮತ್ತೆ ನೀಡಿಸಿಕೊಳ್ಳಬೇಕು. ಇದು ಸೋಲಲ್ಲ.

ಮೂರನೆಯದಾಗಿ, ಊಟದ ವೇಳೆಗಳನ್ನು ತಪ್ಪಿಸಬಾರದು, ನಿದ್ರೆಯನ್ನೂ ಕೆಡಿಸಬಾರದು. ನಿದ್ರೆ ಕಡಿಮೆಯಾದವರಲ್ಲಿ ಹಸಿವು ಹೆಚ್ಚುವುದು ಅನುಭವಸಿದ್ಧವೂ ಪರೀಕ್ಷಾಸಿದ್ಧವೂ ಆಗಿದೆ. ನಿತ್ಯವೂ ಬೆವರು ಬರುವಷ್ಟು ನಡೆಯುವುದು, ಹೊಲಮನೆಗಳ ಕೆಲಸ ಮಾಡುವುದು ಕಾಯಕವೂ ಹೌದು, ಔಷಧವೂ ಹೌದು.

ನಾಲ್ಕನೆಯದಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವೆದ್ದರೆ ಅದು ಹೊಟ್ಟೆಯದೋ, ಬೇಸರದ್ದೋ, ದುಃಖದ್ದೋ ಎಂದು ವಿಚಾರಿಸಬೇಕು. ಹೊಟ್ಟೆಯದಾದರೆ ದೀಪ ಹಚ್ಚಿ, ಕುಳಿತು, ಅರ್ಪಿಸಿ, ಒಂದಿಷ್ಟು ಉಣ್ಣಬೇಕು. ದುಃಖದ್ದಾದರೆ ಅದಕ್ಕೆ ಅನ್ನವು ಮದ್ದಲ್ಲ. ಆತ್ಮೀಯರೊಡನೆ ಮಾತನಾಡಬೇಕು. ತಡೆಯಲಾರದೆ ಮೇಲಿಂದ ಮೇಲೆ ಅತಿಯಾಗಿ ತಿನ್ನುವ ಸ್ಥಿತಿಯು ಚಿಕಿತ್ಸೆಗೆ ಯೋಗ್ಯವಾದ ವ್ಯಾಧಿಯೂ ಆಗಿರಬಹುದಾದುದರಿಂದ ವೈದ್ಯರಿಂದ ಅದನ್ನು ಮುಚ್ಚಿಡಬಾರದು.

ಬಡಿಸುವವರಿಗೆ ಎರಡು ಮಾತು

ಉಣ್ಣುವವನ ಅವಧಾನಕ್ಕೆ ಬಡಿಸುವವನ ಅವಧಾನವೂ ಕೂಡಿಬರಬೇಕು. ‘ಇನ್ನೊಂದು ಹೋಳಿಗೆ’ ಎಂದು ಒತ್ತಾಯದಿಂದ ಎಡೆಗೆ ಹಾಕುವುದನ್ನೇ ಆದರವೆಂದು ನಾವು ತಿಳಿದಿದ್ದೇವೆ. ಬೇಡವೆಂದು ಕೈ ಅಡ್ಡ ಹಿಡಿದವನ ಬೆರಳ ಸಂದಿನಲ್ಲಿ ತುಪ್ಪ ಸುರಿಯುವುದು ಔದಾರ್ಯವಲ್ಲ. ಮಠಗಳ ಪಂಕ್ತಿಗಳಲ್ಲಿಯೂ ಈ ರೂಢಿ ಇಲ್ಲವೆನ್ನಲಾಗದು. ತುಮಕೂರಿನ ಸಿದ್ಧಗಂಗಾಮಠದಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯವೂ ಅನ್ನವಿಕ್ಕಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ತಾವು ಮಾತ್ರ ಮಿತಾಹಾರಿಗಳಾಗಿ 111 ವರ್ಷಗಳ ಕಾಲ ಬಾಳಿದರು. ದಾಸೋಹದ ಹಿರಿಮೆಯು ಹಸಿದವನಿಗೆ ಇಲ್ಲವೆನ್ನದಿರುವುದರಲ್ಲಿದೆ. ಸಾಕೆಂದವನ ಮಾತನ್ನು ಮನ್ನಿಸುವುದೂ ಅದೇ ಹಿರಿಮೆಯ ಭಾಗವಾಗಿದೆ.

ಉಪಸಂಹಾರ

ಆ ಸದ್ಭಕ್ತರಿಗೆ ನಾವು ಹೇಳಿದುದು ಇಷ್ಟನ್ನೇ. ಕೆಲವು ತಿಂಗಳುಗಳ ಮೇಲೆ ಅವರು ಮತ್ತೆ ಮಠಕ್ಕೆ ಬಂದಿದ್ದರು. ಐದು ಕಿಲೋ ಇಳಿದಿದ್ದರು. ಇನ್ನೂ ಇಳಿಯಬೇಕಾದುದು ಬಹಳ ಇದ್ದಿತು. ಹಸಿವು ಕಡಿಮೆಯಾಯಿತೇ ಎಂದು ಕೇಳಿದಾಗ ತಲೆಯಲ್ಲಾಡಿಸಿ, “ಇಲ್ಲ ಶಾಸ್ತ್ರಿಗಳೇ, ಅದು ಇದ್ದಂತೆಯೇ ಇದೆ. ಆದರೆ ಈಗ ದೀಪ ಹಚ್ಚಿ ಉಣ್ಣುತ್ತೇನೆ” ಎಂದರು. ಪಂಕ್ತಿಯಲ್ಲಿ ಅವರ ಎಡೆಯನ್ನು ನೋಡಿದೆವು. ನೀಡಿಸಿಕೊಂಡುದು ಸ್ವಲ್ಪ, ಉಳಿದುದು ಒಂದಗುಳೂ ಇಲ್ಲ.

ಸಾರಾಂಶವೇನೆಂದರೆ, ಹಸಿವನ್ನು ಕೊಂದವನು ಪ್ರಸಾದಿಯಲ್ಲ, ಹಸಿವು ಎಳೆದತ್ತ ಹೋದವನೂ ಪ್ರಸಾದಿಯಲ್ಲ. ಹಸಿವನ್ನು ಲಿಂಗದ ಎದುರಿಗೆ ತಂದು ಕೂರಿಸಿ, ಅದಕ್ಕೆ ಸಲ್ಲಬೇಕಾದುದನ್ನು ಅವಧಾನದಿಂದ ಸಲ್ಲಿಸಿ, ತೃಪ್ತಿಯನ್ನು ಮಹಾಲಿಂಗಕ್ಕೆ ಅರ್ಪಿಸುವವನೇ ಪ್ರಸಾದಿ. ಇಂದು ತಪ್ಪಿದವನಿಗೆ ನಾಳೆಯ ಎಡೆಯಿದೆ. ಅಲ್ಲಿಂದ ಮತ್ತೆ ತೊಡಗಬಹುದು.