ಅಡವಿಯ ಸಿರಿಯೂ ಅಡವಿಯ ಮಕ್ಕಳೂ



ಈ ಹೊತ್ತು ಮನೆಗೆ ಹೋದ ಮೇಲೆ ನಿಮ್ಮ ತಾಯಿಯವರ ಮಸಾಲೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿರಿ. ಲವಂಗ, ದಾಲ್ಚಿನ್ನಿಗಳ ನಡುವೆ ಬೂದು ಬಣ್ಣದ, ಒಣಗಿದ ಪಕಳೆಯಂತಹ ಒಂದು ವಸ್ತು ಕಾಣಬಹುದು. ಅದಕ್ಕೆ ನಮ್ಮ ಸೀಮೆಯಲ್ಲಿ ಮರಾಠಿಯ ರೂಢಿಯಂತೆ ದಗಡಫೂಲ ಎನ್ನುವರು, ಕನ್ನಡದಲ್ಲಿ ಕಲ್ಲುಹೂ. ಹೆಸರಿಗೆ ಹೂವಾದರೂ ಅದು ಹೂವಲ್ಲ. ಬಂಡೆಯ ಮೇಲೆಯೂ ಮರದ ತೊಗಟೆಯ ಮೇಲೆಯೂ ಶಿಲೀಂಧ್ರವು ಪಾಚಿಯೊಡನೆ ಕೂಡಿ ಬಾಳುವ ಒಂದು ವಿಚಿತ್ರ ಜೀವರೂಪವದು. ತಲೆಗೆ ಹಚ್ಚುವ ಸೀಗೆಕಾಯಿ, ಬಟ್ಟೆ ಒಗೆಯುವ ಅಂಟುವಾಳ, ತುಳಸೀ ಲಗ್ನದ ನೆಲ್ಲಿಕಾಯಿ, ಔಷಧಕ್ಕೆ ಬೇಕಾದ ಜೇನುತುಪ್ಪ, ಇವೆಲ್ಲವೂ ಬಹುಮಟ್ಟಿಗೆ ಅಡವಿಯ ಕೊಡುಗೆಗಳೇ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಎರೆಹೊಲಗಳಲ್ಲಿ ಜೋಳ ತೊಗರಿಗಳು ಬೆಳೆಯುತ್ತವೆ, ಕಲ್ಲುಹೂ ಬೆಳೆಯುವುದಿಲ್ಲ. ಅದನ್ನು ಎಲ್ಲಿಯೋ ಒಬ್ಬರು ಮರ ಹತ್ತಿ ಬಿಡಿಸಿದ್ದಾರೆ. ನಾವು ಅಂಗಡಿಯಲ್ಲಿ ಕೊಟ್ಟ ಹಣದಲ್ಲಿ ಅವರಿಗೆ ಮುಟ್ಟಿದ್ದೆಷ್ಟು? ಈ ಪ್ರಶ್ನೆಯೇ ನಮ್ಮ ಇಂದಿನ ಪಾಠ.

1. ಸಿರಿಯ ನಡುವೆ ಬಡತನ

ಮಣ್ಣು, ನೀರು, ಕಾಡು, ಖನಿಜ ಇವು ನಿಸರ್ಗದ ಸಂಪತ್ತು. ಈ ಸಂಪತ್ತು ಹೆಚ್ಚಾಗಿರುವಲ್ಲಿ ಜನರೂ ಶ್ರೀಮಂತರಾಗಿರಬೇಕೆಂದು ನಾವು ಎಣಿಸುವುದು ಸಹಜ. ಆದರೆ ನಮ್ಮ ದೇಶದಲ್ಲಿ ದಟ್ಟವಾದ ಕಾಡುಗಳಲ್ಲಿ ವಾಸಿಸುವ ಗಿರಿಜನರೇ ಬಹುಕಾಲ ಕಡುಬಡವರಾಗಿ ಉಳಿದರು. ಇದಕ್ಕೆ ಕಾರಣವನ್ನು ಅವರ ಅಜ್ಞಾನದಲ್ಲಿ ಹುಡುಕುವುದು ತಪ್ಪು. ನಿಸರ್ಗದ ಸಂಪತ್ತು ಜನರ ಏಳಿಗೆಗೆ ಒದಗಬೇಕಾದರೆ ಮೂರು ಸಂಗತಿಗಳು ಕೂಡಿ ಬರಬೇಕು. ಒಂದು, ಅದನ್ನು ಕೆಡಿಸದೆ ಬಳಸುವ ಅರಿವು. ಎರಡು, ನ್ಯಾಯವಾದ ಬೆಲೆ. ಮೂರು, ಅದರ ಮೇಲಣ ಹಕ್ಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಉಳಿದೆರಡು ನಿಷ್ಫಲವಾಗುತ್ತವೆ. ಇದನ್ನು ಕನ್ನಡ ನಾಡಿನದೇ ಒಂದು ನಿದರ್ಶನದಿಂದ ತಿಳಿಯೋಣ.

2. ಬಿಳಿಗಿರಿಯ ಸೋಲಿಗರು

ಕರ್ನಾಟಕದ ದಕ್ಷಿಣದ ತುದಿಯಲ್ಲಿ ಚಾಮರಾಜನಗರ ಜಿಲ್ಲೆಯಿದೆ. ಅಲ್ಲಿಯ ಬಿಳಿಗಿರಿರಂಗನ ಬೆಟ್ಟಗಳಲ್ಲಿ ಸೋಲಿಗರೆಂಬ ಗಿರಿಜನರು ತಲೆತಲಾಂತರದಿಂದ ನೆಲೆಸಿದ್ದಾರೆ. ಅವರ ನುಡಿ ಕನ್ನಡಕ್ಕೆ ಅತಿ ಸಮೀಪವಾದುದು. ತಮ್ಮ ಊರುಗಳನ್ನು ಅವರು ಪೋಡು ಎಂದು ಕರೆಯುವರು. ಬೆಟ್ಟದ ರಂಗನಾಥನು ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂದು ಅವರ ನಂಬಿಕೆ. ಆದುದರಿಂದ ದೇವರು ಅವರಿಗೆ ಭಾವನಾಗಬೇಕು. ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡಸಂಪಿಗೆಯೆಂಬ ಪುರಾತನ ವೃಕ್ಷವನ್ನು ಅವರು ಪೂಜಿಸುವರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಆದ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಹಿರಿಯರ ಸಮಾಧಿಯ ಕಲ್ಲುಗುಡಿ ಮತ್ತು ನೀರಿನ ಅಬ್ಬಿ ಇವು ಪೂಜ್ಯ ಸ್ಥಾನಗಳು. ನೀರಿನ ಸೆಲೆಯೂ ದೇವಸ್ಥಾನದ ಸಾಲಿಗೆ ಸೇರಿರುವುದನ್ನು ಗಮನಿಸಿರಿ.

3. ಅರಿವು

ಹೆಜ್ಜೇನು ಎತ್ತರವಾದ ಮರಗಳಲ್ಲಿಯೂ ಕಡಿದಾದ ಬಂಡೆಗಳಲ್ಲಿಯೂ ಗೂಡು ಕಟ್ಟುತ್ತದೆ. ಅನುಭವಸ್ಥನಾದ ಸೋಲಿಗನು ತುಪ್ಪ ತುಂಬಿದ ಭಾಗವನ್ನಷ್ಟೇ ಕೊಯ್ದು ಮರಿಹುಳುಗಳಿರುವ ಭಾಗವನ್ನು ಬಿಡುವುದುಂಟು. ನೆಲ್ಲಿಕಾಯಿಯನ್ನು ಕೀಳುವಾಗಲೂ ಒಂದು ಪಾಲನ್ನು ಮರದಲ್ಲಿ ಬಿಡಬೇಕು. ಏಕೆಂದರೆ ಜಿಂಕೆಗಳು ಉದುರಿದ ಕಾಯಿಗಳನ್ನು ತಿಂದು ಬೀಜಗಳನ್ನು ದೂರದೂರಕ್ಕೆ ಬಿತ್ತುತ್ತವೆ. ಇಂದಿನ ಮರ ನೂರು ಕಾಯಿ ಕೊಟ್ಟಿತೆಂದು ನೂರನ್ನೂ ಒಯ್ದರೆ ಮೊಮ್ಮಕ್ಕಳ ಕಾಲಕ್ಕೆ ಮರವೆಲ್ಲಿಯದು? ಬೀಜದ ಜೋಳವನ್ನು ತಿನ್ನದೆ ಹಗೇವಿನಲ್ಲಿಟ್ಟ ನಮ್ಮ ಅಜ್ಜಂದಿರ ವಿವೇಕವೂ ಇದೇ.

4. ಬೆಲೆ

ಅರಿವಿದ್ದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಹಿಂದೆ ಕಾಡಿನ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಗುತ್ತಿಗೆ ಹೊರಗಿನ ಸಾಹುಕಾರರ ಪಾಲಾಗುತ್ತಿತ್ತು. ಬೆವರು ಸುರಿಸಿದವರಿಗೆ ಸಿಕ್ಕಿದುದು ಕೂಲಿ ಮಾತ್ರ. ಮುಂದೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು ಬಂದವು. ಜನರು ಅವನ್ನು ಲ್ಯಾಂಪ್ಸ್ ಎಂದೇ ಕರೆಯುವರು. 1981ರಲ್ಲಿ ಡಾ. ಹೆಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ವೈದ್ಯಸೇವೆಯೊಡನೆ ಶಾಲೆಯನ್ನೂ ಕಟ್ಟಿದರು. 1990ರ ದಶಕದಲ್ಲಿ ಬೆಟ್ಟದಲ್ಲಿಯೇ ಜೇನನ್ನು ಶೋಧಿಸುವ, ನೆಲ್ಲಿಯಿಂದ ಉಪ್ಪಿನಕಾಯಿ ಮೊದಲಾದುವನ್ನು ಸಿದ್ಧಪಡಿಸುವ ಕೆಲಸವೂ ಆರಂಭವಾಯಿತು.

ಇದರಿಂದಾಗುವ ಲಾಭವೇನು? ಒಂದು ಲೆಕ್ಕ ಮಾಡೋಣ. ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗಾಗಿ. ಒಂದು ಸಂಸಾರವು 50 ಕಿಲೋ ನೆಲ್ಲಿಕಾಯಿಯನ್ನು ಕಿಲೋಗೆ 20 ರೂಪಾಯಿಯಂತೆ ಮಾರಿತೆನ್ನಿರಿ. ಬಂದುದು 1,000 ರೂಪಾಯಿ. ಅದೇ ಕಾಯಿಯಿಂದ ಊರಿನಲ್ಲಿಯೇ 40 ಕಿಲೋ ಉಪ್ಪಿನಕಾಯಿ ಮಾಡಿ ಕಿಲೋಗೆ 100 ರೂಪಾಯಿಯಂತೆ ಮಾರಿದರೆ 4,000 ರೂಪಾಯಿ. ಉಪ್ಪು, ಎಣ್ಣೆ, ಬಾಟಲಿ, ಸಾಗಾಣಿಕೆಗೆಂದು 1,500 ಕಳೆದರೂ 2,500 ಉಳಿಯಿತು. ಕಾಯಿ ಅದೇ, ಕಾಡೂ ಅದೇ. ಒಂದು ಕಾಯಿಯನ್ನೂ ಹೆಚ್ಚಾಗಿ ಕೀಳದೆ ಊರಿಗೆ 1,500 ರೂಪಾಯಿ ಹೆಚ್ಚು ಬಂದಿತು. ಆರ್ಥಿಕ ಅಭಿವೃದ್ಧಿಯೆಂದರೆ ನಿಸರ್ಗದಿಂದ ಹೆಚ್ಚು ಕಿತ್ತುಕೊಳ್ಳುವುದೇ ಆಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ.

5. ಹಕ್ಕು

ಅರಿವೂ ಇತ್ತು, ಬೆಲೆಯೂ ಬರತೊಡಗಿತ್ತು; ಆದರೆ ಹಕ್ಕು ಇರಲಿಲ್ಲ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ, ಜಾಗ ಬದಲಿಸುತ್ತ ಮಾಡುವ ಬೇಸಾಯವೂ ನಿಂತವು. ಹಲವರು ಹಳೆಯ ನೆಲೆಗಳನ್ನು ಬಿಟ್ಟು ಬರಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾಯಿತು. ಅದರ ಪರಿಣಾಮವಾಗಿ 2006ರ ವೇಳೆಗೆ ಜೇನು, ನೆಲ್ಲಿ, ಕಲ್ಲುಹೂಗಳನ್ನು ಮಾರಾಟಕ್ಕೆಂದು ತರುವುದೂ ನಿಂತುಹೋಯಿತು. ಹಕ್ಕಿಲ್ಲದವನ ಅರಿವಿಗೂ ದುಡಿಮೆಗೂ ಒಂದೇ ಆಜ್ಞೆಯಿಂದ ಬೀಗ ಬಿದ್ದಿತು.

ಅದೇ 2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಗೆ ಒಪ್ಪಿಗೆಯಿತ್ತಿತು. ಕಾಡಿನ ನಿವಾಸಿಗಳಿಗೆ ಚಾರಿತ್ರಿಕವಾಗಿ ಅನ್ಯಾಯವಾಗಿದೆಯೆಂದು ಆ ಕಾಯಿದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನೂ, ಕಾಡನ್ನು ಕಾಯುವ ಹೊಣೆಯನ್ನೂ ಅದು ಜನರಿಗೆ ಕೊಟ್ಟಿತು. 2011ರ ಜನವರಿಯಲ್ಲಿ ಬಿಳಿಗಿರಿಯ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಸೋಲಿಗರು ಕಳವಳಗೊಂಡರು. ಆದರೂ ಧೃತಿಗೆಡದೆ ಸಭೆ ಸೇರಿ, ನಕ್ಷೆ ಬರೆದು, ಅರ್ಜಿ ಸಲ್ಲಿಸಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು.

ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬಾರದು. ಹೊರದೇಶದಿಂದ ಬಂದ ಲಂಟಾನವೆಂಬ ಪೊದೆಯು ಬೆಟ್ಟದಲ್ಲಿ ಹಬ್ಬಿ ಎಳೆಯ ಸಸಿಗಳನ್ನು ಅಡಗಿಸುತ್ತಿದೆ; ಬಂದಣಿಕೆಯು ನೆಲ್ಲಿಯ ಮರಗಳನ್ನು ಹೀರುತ್ತಿದೆ. ಹಿಂದೆ ತಾವು ಸಕಾಲದಲ್ಲಿ ಹಚ್ಚುತ್ತಿದ್ದ ತರಗಿನ ಕಿರುಬೆಂಕಿಯು ಇವೆರಡನ್ನೂ ತಡೆಯುತ್ತಿತ್ತೆಂದು ಸೋಲಿಗರ ಹಿರಿಯರು ಹೇಳುವರು. ಕಾಡಿಗೆ ಬೆಂಕಿಯಿಡುವುದನ್ನು ಕಾಯಿದೆ ನಿಷೇಧಿಸಿದೆ. ಹಿರಿಯರ ಅನುಭವವನ್ನೂ ವಿಜ್ಞಾನಿಗಳ ಪರೀಕ್ಷೆಯನ್ನೂ ಒಂದೆಡೆ ಕೂಡಿಸಿ ನಿರ್ಣಯಿಸಬೇಕಾದ ವಿಷಯವಿದು. ಮರವೇ ಇಲ್ಲದಾದರೆ ಹಕ್ಕುಪತ್ರದಿಂದ ಪ್ರಯೋಜನವೇನು?

6. ನಮ್ಮ ರಾಜ್ಯದ ಒಂದು ಹಳ್ಳಿ

ನಾವು ವಾಸಿಸುವ ಮಹಾರಾಷ್ಟ್ರದಲ್ಲಿಯೂ ಇಂತಹುದೇ ಕಥೆಯಿದೆ. ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗೊಂಡರ ಒಂದು ಪುಟ್ಟ ಹಳ್ಳಿ. ಅದರ ಸುತ್ತಲಿನ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ 2009ರಲ್ಲಿ ಊರಿಗೆ ಸಮುದಾಯದ ಹಕ್ಕು ಲಭಿಸಿತು. ಆದರೂ ಬಿದಿರನ್ನು ಮಾರಲು ತಡೆಯುಂಟಾಯಿತು. 1927ರ ಅರಣ್ಯ ಕಾಯಿದೆಯು ಬಿದಿರನ್ನು ಮರವೆಂದು ಎಣಿಸಿದರೆ 2006ರ ಕಾಯಿದೆಯು ಅದನ್ನು ಕಿರು ಉತ್ಪನ್ನವೆಂದು ಹೇಳಿತ್ತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಯದೆಂದು ನೀವು ಓದಿದ್ದೀರಿ. ಕಡೆಗೆ 2011ರ ಏಪ್ರಿಲ್ ತಿಂಗಳಿನಲ್ಲಿ ಕೇಂದ್ರದ ಮಂತ್ರಿಗಳೇ ಹಳ್ಳಿಗೆ ಬಂದು ಸಾಗಾಣಿಕೆಯ ಪರವಾನಿಗೆ ಪುಸ್ತಕವನ್ನು ಗ್ರಾಮಸಭೆಯ ಕೈಗಿತ್ತರು.

ಈ ಊರಿನ ಎರಡು ಪದ್ಧತಿಗಳು ಅನುಕರಣೀಯ. ಅಲ್ಲಿ ಬಹುಮತದಿಂದಲ್ಲ, ಎಲ್ಲರ ಒಪ್ಪಿಗೆಯಿಂದ ನಿರ್ಣಯವಾಗುತ್ತದೆ. ನಿರ್ಣಯಕ್ಕೆ ಮುಂಚೆ ಊರಿನವರು ಅಭ್ಯಾಸ ಗಟ ಎಂಬ ಕೂಟದಲ್ಲಿ ಕುಳಿತು ಕಾಯಿದೆಯನ್ನೂ ಕಾಡನ್ನೂ ಅಧ್ಯಯನ ಮಾಡುವರು. ಶಾಲೆ ಬಿಟ್ಟ ಮೇಲೂ ಓದು ಮುಗಿಯುವುದಿಲ್ಲವೆಂಬುದನ್ನು ಅವರು ತೋರಿಸಿದ್ದಾರೆ.

7. ನಮಗೆ ಪಾಠವೇನು?

ನಮ್ಮಲ್ಲಿ ಕಾಡಿಲ್ಲ, ನಮಗೇಕೆ ಈ ಮಾತು ಎನ್ನಬೇಡಿರಿ. ನಮ್ಮ ಊರುಗಳಲ್ಲಿಯೂ ಎಲ್ಲರಿಗೂ ಸೇರಿದ ಸೊತ್ತುಂಟು: ಗಾಯರಾಣ, ಕೆರೆ, ಹಳ್ಳ, ಎಲ್ಲಕ್ಕೂ ಮಿಗಿಲಾಗಿ ನೆಲದೊಳಗಿನ ನೀರು. 2016ರ ಬೇಸಗೆಯಲ್ಲಿ ಲಾತೂರ ನಗರಕ್ಕೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮಳೆ ಕೈಕೊಟ್ಟುದು ನಿಜ. ಆದರೆ ಕೊಳವೆ ಬಾವಿಗಳಿಂದ ನಾವು ಮೇಲೆತ್ತಿದ ನೀರಿನ ಲೆಕ್ಕವನ್ನು ಯಾರಿಟ್ಟಿದ್ದರು? ಸೋಲಿಗನು ಮರದಲ್ಲಿ ಒಂದು ಪಾಲು ಕಾಯಿಯನ್ನು ಬಿಟ್ಟಂತೆ ನಾವು ನೆಲದಲ್ಲಿ ಒಂದು ಪಾಲು ನೀರನ್ನು ಬಿಟ್ಟೆವೇ?

ತಾಯ್ತಂದೆಗಳಲ್ಲಿ ಒಂದು ವಿಜ್ಞಾಪನೆ. ಗ್ರಾಮಸಭೆ ಸೇರಿದಾಗ ತಪ್ಪದೆ ಹೋಗಿರಿ. ದೊಡ್ಡ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಊರಿನ ಸೊತ್ತಿನ ಮಾತು ನಡೆಯುವುದನ್ನು ಕಿವಿಯಾರೆ ಕೇಳಿದ ಮಗು ಅದನ್ನು ಕಾಯಲು ಕಲಿಯುತ್ತದೆ.

ಅಭ್ಯಾಸ

1. ನಿಮ್ಮ ಅಡಿಗೆಮನೆಯಲ್ಲಿರುವ ಅಡವಿಯ ವಸ್ತುಗಳನ್ನು ಪಟ್ಟಿ ಮಾಡಿರಿ.

2. ಅರಿವು, ಬೆಲೆ, ಹಕ್ಕು ಇವುಗಳಲ್ಲಿ ಒಂದು ಇಲ್ಲದಿದ್ದರೆ ಏನಾಗುವುದು? ಸೋಲಿಗರ ಉದಾಹರಣೆಯಿಂದ ವಿವರಿಸಿರಿ.

3. ನಿಮ್ಮ ಊರಿನ ಗಾಯರಾಣವು ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ? ಹಿರಿಯರನ್ನು ಕೇಳಿ ಬರೆಯಿರಿ.

4. ನಿಮ್ಮ ಮನೆಯ ಅಥವಾ ನೆರೆಯವರ ಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳೂ ಅಳೆದು ಒಂದು ವರ್ಷದ ಕೋಷ್ಟಕವನ್ನು ತಯಾರಿಸಿರಿ. ಮುಂದಿನ ಸಂಚಿಕೆಗೆ ಅದನ್ನು ಕಳುಹಿಸಬಹುದು.