ಹಾಡಿನ ಆಯುಷ್ಯ ಮತ್ತು ದಾಸ್ತಾನಿನ ಮೌಲ್ಯ

ವಿದ್ಯುನ್ಮಾನ ಸಂಗೀತದಲ್ಲಿ ಹಾಡೊಂದರ ಆಯುಷ್ಯ ಅತ್ಯಲ್ಪ. ಜನಪ್ರಿಯವಾದ ಧಾಟಿಯನ್ನು ಹತ್ತಾರು ಮಂದಿ ಅನುಕರಿಸುತ್ತಾರೆ; ಕಿವಿಗೆ ಹಳತಾದೊಡನೆ ಬೇಡಿಕೆ ಕುಸಿಯುತ್ತದೆ. ಅನುಕರಣೆ ಸುಲಭವಾಗಿರುವ ಎಲ್ಲ ಸರಕುಗಳ ಗತಿಯೂ ಇದೇ. ಹಿರೀಸಾವೆಯಂತಹ ಹೆದ್ದಾರಿ ಊರಿನಲ್ಲಿ ಮೊಬೈಲ್ ಕವರ್, ಸಿದ್ಧ ಉಡುಪು ಮಾರುವ ವರ್ತಕರಿಗೂ ಈ ಪಾಠ ಅನ್ವಯಿಸುತ್ತದೆ.

1982ರಲ್ಲಿ ಮುಂಬಯಿಯ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ಜಪಾನಿನ ರೋಲ್ಯಾಂಡ್ ಕಂಪೆನಿಯ ಯಂತ್ರಗಳ ನೆರವಿನಿಂದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಧ್ವನಿಮುದ್ರಿಕೆ ಹೊರತಂದರು. ಅದಕ್ಕೆ ಆಗ ಮಾರುಕಟ್ಟೆ ದೊರೆಯಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ವಿದೇಶಗಳಲ್ಲಿ ಮೆಚ್ಚುಗೆ ಗಳಿಸಿತು. ಆದರೆ 28 ವರ್ಷ ದಾಸ್ತಾನು ಹಿಡಿದು ಕಾಯುವ ಶಕ್ತಿ ಯಾವ ಸಣ್ಣ ವರ್ತಕನಿಗಿದೆ?

ಬೆಂಗಳೂರಿನ ರಾಡೆಲ್ ಸಂಸ್ಥೆಯ ಮಾರ್ಗ ಭಿನ್ನ. ಇಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ತಂತ್ರಜ್ಞಾನ ಹೊಸದು, ಅಗತ್ಯ ಮಾತ್ರ ಹಳೆಯದು. ಶ್ರುತಿಯಿಲ್ಲದೆ ಸಂಗೀತಾಭ್ಯಾಸವಿಲ್ಲ, ಆದ್ದರಿಂದ ಬೇಡಿಕೆ ಒಂದು ಋತುವಿಗೆ ಮುಗಿಯಲಿಲ್ಲ.

ಅಲ್ಪಾಯುಷಿ ಸರಕಿನಲ್ಲಿ ಲೆಕ್ಕದ ಎಚ್ಚರ ಮುಖ್ಯ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಮೂದಿಸಬೇಕು. ತಲಾ 60 ರೂ. ಅಸಲಿನ 100 ಕವರ್‌ಗಳು ಉಳಿದಿವೆ ಎನ್ನೋಣ. ಮಾದರಿ ಹಳತಾಗಿ ಈಗ 25 ರೂ.ಗೆ ಮಾತ್ರ ಮಾರಬಹುದು; ಮಾರಾಟದ ವೆಚ್ಚ 5 ರೂ. ಆಗ ದಾಸ್ತಾನಿನ ಮೌಲ್ಯ 6,000 ರೂ. ಅಲ್ಲ, 2,000 ರೂ. ಮಾತ್ರ. ಅಸಲನ್ನೇ ಬರೆದರೆ 4,000 ರೂ. ಇಲ್ಲದ ಲಾಭ ತೋರುತ್ತದೆ. ಅದರ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ, ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ತಪ್ಪಾಗುತ್ತದೆ. ಸರಕನ್ನು ಪೂರ್ಣವಾಗಿ ಲೆಕ್ಕದಿಂದ ತೆಗೆದುಹಾಕಿದರೆ ಅಥವಾ ನಾಶಪಡಿಸಿದರೆ, ಅದರ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಆದುದರಿಂದ ಕಡಿಮೆ ಬೆಲೆಗಾದರೂ ಬೇಗ ಮಾರುವುದು ಲೇಸು.

ವರ್ತಕರು ಅನುಸರಿಸಬಹುದಾದ ಕ್ರಮಗಳು ಮೂರು:

1. ಫ್ಯಾಷನ್ ಸರಕನ್ನು ಸಣ್ಣ ಪ್ರಮಾಣದಲ್ಲಿ, ಹಲವು ಬಾರಿ ಖರೀದಿಸುವುದು.

2. ಖರೀದಿಯ ತಿಂಗಳನ್ನು ಪ್ರತಿ ಸರಕಿನ ಮೇಲೂ ಗುರುತಿಸಿ, ಮೂರು ತಿಂಗಳಿಗೊಮ್ಮೆ ಬೆಲೆ ಪರಿಶೀಲಿಸುವುದು.

3. ಅಚ್ಚು, ವಿನ್ಯಾಸಗಳಿಗೆ ಹಾಕಿದ ಹಣವನ್ನು ಮೊದಲ ಋತುವಿನಲ್ಲೇ ಹಿಂಪಡೆಯುವಂತೆ ಬೆಲೆ ನಿಗದಿಪಡಿಸುವುದು.

ಹೊಸ ಸರಕಿಗೆ ಕೈಹಾಕುವ ಮುನ್ನ ಅದು ಋತುವಿನ ಹಾಡೋ, ನಿತ್ಯದ ಶ್ರುತಿಯೋ ಎಂಬುದನ್ನು ತಯಾರಕರು ನಿರ್ಧರಿಸಬೇಕು. ಎರಡರಲ್ಲಿಯೂ ಲಾಭವಿದೆ, ಆದರೆ ಸಾಲದ ಅವಧಿ ಸರಕಿನ ಆಯುಷ್ಯವನ್ನು ಮೀರಬಾರದು.